ಕರಾವಳಿಯ ಆಸ್ಪತ್ರೆಗೆ ಎಂಥ ಆಟೋಕ್ಲೇವ್?

ಹೆರಿಗೆಗೆ, ಆಪರೇಷನ್‌ಗೆ, ಹಲ್ಲು ಕೀಳುವುದಕ್ಕೆ ಬಳಸಿದ ಕತ್ತರಿ, ಚಿಮಟ, ಫೋರ್ಸೆಪ್ಸ್‌ಗಳನ್ನು ಮತ್ತೊಬ್ಬ ರೋಗಿಗೆ ಮುಟ್ಟಿಸುವ ಮೊದಲು ಅವುಗಳ ಮೇಲಿನ ಸೂಕ್ಷ್ಮಾಣುಗಳನ್ನೆಲ್ಲ ಕೊಲ್ಲುವ ಯಂತ್ರ ಆಟೋಕ್ಲೇವ್. ಒತ್ತಡದಲ್ಲಿಟ್ಟ ಹಬೆಯೇ ಅದರ ಆಯುಧ. 2016ರಲ್ಲಿ ಆರಂಭವಾದ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೂ ಅದು ಬೇಕು, ಅಂಕೋಲಾ ಪೇಟೆಯ ಒಂದು ಕುರ್ಚಿಯ ದಂತ ಚಿಕಿತ್ಸಾಲಯಕ್ಕೂ ಬೇಕು. ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಲೀಟರಿನದು, ಬೆಲೆ ಎಷ್ಟು ಎಂದು. ಈ ಎರಡು ಪ್ರಶ್ನೆಗಳ ಸರದಿ ಬರಬೇಕಾದದ್ದು ಕೊನೆಯಲ್ಲಿ. ಒಳಗೆ ಏನನ್ನು ಇಡಬೇಕಾಗಿದೆ, ಊರಿನಲ್ಲಿ ಎಂಥ ನೀರು ಸಿಗುತ್ತದೆ, ಕರೆಂಟು ಹೇಗಿದೆ, ಕೆಟ್ಟರೆ ರಿಪೇರಿಗೆ ಯಾರು ಎಲ್ಲಿಂದ ಬರಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು. ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಇರುವ ಕಾರವಾರ, ಅಂಕೋಲಾದಂಥ ಕಡೆ ಇವನ್ನು ಬಿಟ್ಟು ಬರೀ ಕ್ಯಾಟಲಾಗ್ ನೋಡಿ ತಂದ ಯಂತ್ರ ಬಹಳ ಕಾಲ ನೆಟ್ಟಗೆ ಕೆಲಸ ಮಾಡುವುದಿಲ್ಲ.

ನೀರಿನಲ್ಲಿ ಕುದಿಸಿದರೆ ಸಾಲದೇ ಎಂಬ ಸಂಶಯ ಸಹಜ. ಗಾಜಿನ ಸಿರಿಂಜು, ಸೂಜಿಗಳನ್ನು ಸ್ಟೀಲ್ ಪೆಟ್ಟಿಗೆಯಲ್ಲಿ ಕುದಿಸಿ ಚುಚ್ಚುತ್ತಿದ್ದ ಕಾಲವನ್ನು ಹಿರಿಯರು ಕಂಡಿದ್ದಾರೆ. ತೆರೆದ ಪಾತ್ರೆಯಲ್ಲಿ ಕುದಿಯುವ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಆ ಬಿಸಿಗೆ ಬಹುತೇಕ ಬ್ಯಾಕ್ಟೀರಿಯಾ, ವೈರಸ್‌ಗಳು ಸಾಯುತ್ತವೆ. ಆದರೆ ಧನುರ್ವಾಯು, ಗ್ಯಾಸ್ ಗ್ಯಾಂಗ್ರೀನ್ ತರುವ ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಬೀಜಾಣುಗಳಾಗಿ ಕುಳಿತಿದ್ದರೆ ಕುದಿಯುವ ನೀರನ್ನೂ ತಾಳಿಕೊಂಡು ಉಳಿಯಬಲ್ಲವು. ಅವುಗಳನ್ನು ಖಚಿತವಾಗಿ ಕೊಲ್ಲಲು 121 ಡಿಗ್ರಿಯ ಹಬೆ ಕನಿಷ್ಠ 15 ನಿಮಿಷ, ಇಲ್ಲವೇ 134 ಡಿಗ್ರಿಯ ಹಬೆ ಕನಿಷ್ಠ 3 ನಿಮಿಷ ತಾಗಬೇಕು. ಅಡುಗೆಮನೆಯ ಪ್ರೆಷರ್ ಕುಕ್ಕರಿನಲ್ಲಿ ನಡೆಯುವುದೂ ಇದೇ: ಹಬೆಯನ್ನು ಹೊರಬಿಡದೆ ಒತ್ತಡಕ್ಕೆ ಒಡ್ಡಿದರೆ ನೀರು ಕುದಿಯುವ ಬಿಂದು ಮೇಲೇರುತ್ತದೆ. ಹೊರಗಿನ ಗಾಳಿಯ ಒತ್ತಡಕ್ಕಿಂತ 15 ಪಿಎಸ್‌ಐ ಹೆಚ್ಚಾದರೆ 121 ಡಿಗ್ರಿ, ಸುಮಾರು 30 ಪಿಎಸ್‌ಐ ಹೆಚ್ಚಾದರೆ 134 ಡಿಗ್ರಿ. ಡೆನಿಸ್ ಪಾಪಿನ್ 1679ರಲ್ಲಿ ಮೂಳೆ ಬೇಯಿಸಲು ಮಾಡಿದ ಒತ್ತಡದ ಪಾತ್ರೆಯ ತತ್ವವನ್ನೇ ಲೂಯಿ ಪಾಶ್ಚರರ ಸಹೋದ್ಯೋಗಿ ಚಾರ್ಲ್ಸ್ ಚೇಂಬರ್ಲಾಂಡ್ 1879ರಲ್ಲಿ ಪ್ರಯೋಗಾಲಯಕ್ಕೆ ತಂದು ಆಟೋಕ್ಲೇವ್ ರೂಪಿಸಿದರು.

ಒಣ ಬಿಸಿಗಾಳಿಗೆ ಇದೇ ಕೆಲಸಕ್ಕೆ 160 ಡಿಗ್ರಿ, ಎರಡು ಗಂಟೆ ಬೇಕು. ಹಬೆಗೆ ಅಷ್ಟು ಹೊತ್ತು ಬೇಡ. ತಣ್ಣಗಿನ ಲೋಹಕ್ಕೆ ತಾಗಿದ ಹಬೆ ನೀರಾಗುವಾಗ ತನ್ನೊಳಗೆ ಅಡಗಿದ್ದ ಶಾಖವನ್ನು ಒಮ್ಮೆಲೇ ಅಲ್ಲಿ ಬಿಡುತ್ತದೆ. ಒಂದು ಕಿಲೋ ಹಬೆ ಹೀಗೆ ಕೊಡುವ ಶಾಖ ಸುಮಾರು 2,200 ಕಿಲೋಜೂಲ್. ಒಂದು ಕಿಲೋ ಕುದಿಯುವ ನೀರು 30 ಡಿಗ್ರಿಗೆ ತಣಿಯುವಾಗ ಕೊಡುವುದು ಅದರ ಏಳನೇ ಒಂದು ಭಾಗಕ್ಕಿಂತಲೂ ಕಡಿಮೆ. ಶಾಖದ ಜೊತೆಗೆ ತೇವವೂ ಸೇರಿ ಸೂಕ್ಷ್ಮಾಣುವಿನ ಪ್ರೋಟೀನು ಬೇಗ ಹೆಪ್ಪುಗಟ್ಟುತ್ತದೆ.

ಇದೆಲ್ಲ ಆಗುವುದು ಹಬೆ ಉಪಕರಣಕ್ಕೆ ನೇರವಾಗಿ ತಾಗಿದಾಗ ಮಾತ್ರ. ತಾಗದಂತೆ ತಡೆಯುವುದು ಗಾಳಿ. ಮುಚ್ಚಳ ಹಾಕಿದಾಗ ಪಾತ್ರೆಯ ತುಂಬ ಇದ್ದ ಗಾಳಿ ಹೊರಹೋಗದೆ ಹಬೆಯ ಜೊತೆ ಬೆರೆತರೆ ಒತ್ತಡ ಏರುತ್ತದೆ, ಬಿಸಿ ಅದಕ್ಕೆ ತಕ್ಕಷ್ಟು ಏರುವುದಿಲ್ಲ. ಸೂಕ್ಷ್ಮಾಣುಶಾಸ್ತ್ರದ ಪಠ್ಯಗಳಲ್ಲಿ ಬರುವ ಲೆಕ್ಕ ಹೀಗಿದೆ: 15 ಪಿಎಸ್‌ಐ ಒತ್ತಡದಲ್ಲಿ ಗಾಳಿ ಪೂರ್ತಿ ಹೊರಹೋಗಿದ್ದರೆ 121 ಡಿಗ್ರಿ, ಮೂರರಲ್ಲಿ ಎರಡು ಭಾಗ ಹೋಗಿದ್ದರೆ 115, ಅರ್ಧ ಹೋಗಿದ್ದರೆ 112, ಸ್ವಲ್ಪವೂ ಹೋಗದಿದ್ದರೆ ಬರೀ 100. ಗೇಜಿನ ಮುಳ್ಳು ಮಾತ್ರ ಈ ನಾಲ್ಕೂ ಸಲ 15ರ ಮೇಲೆಯೇ ನಿಂತಿರುತ್ತದೆ. ಒತ್ತಡದ ಗೇಜು ಮಾತ್ರ ಇದ್ದು ಉಷ್ಣತೆ ತೋರಿಸದ ಆಟೋಕ್ಲೇವನ್ನು ಯಾವ ಬೆಲೆಗೂ ಕೊಳ್ಳಬಾರದು ಎನ್ನುವುದಕ್ಕೆ ಇಷ್ಟು ಸಾಕು. ಘಟ್ಟದ ಮೇಲಿನ ಯಲ್ಲಾಪುರ, ಜೋಯಿಡಾಗಳಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಾರವಾರಕ್ಕಿಂತ ತುಸು ಕಡಿಮೆ ಇರುವುದರಿಂದ ಅಲ್ಲಿ 121 ಡಿಗ್ರಿ ಬರಲು ಮುಳ್ಳು 15 ದಾಟಬೇಕಾಗುತ್ತದೆ. ಅಲ್ಲಿಗಂತೂ ಉಷ್ಣತೆಯ ಲೆಕ್ಕವೊಂದೇ ಗತಿ.

ಗಾಳಿಯನ್ನು ಹೊರದಬ್ಬುವ ಕ್ರಮದ ಮೇಲೆಯೇ ಯಂತ್ರಗಳ ಜಾತಿ ನಿರ್ಧಾರವಾಗುತ್ತದೆ. ಎಲ್ಲಕ್ಕಿಂತ ಸರಳವಾದದ್ದು, ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚಾಗಿ ಕಾಣಸಿಗುವ ನಿಂತ ಡ್ರಮ್ಮಿನಂಥ ಆಟೋಕ್ಲೇವ್. ತಳದ ಹೀಟರ್ ಕಾಯಿಲ್ ಮುಳುಗುವಷ್ಟು ನೀರು ಹಾಕಿ, ಜಾಲರಿಯ ಮೇಲೆ ಸಾಮಾನು ಜೋಡಿಸಿ, ಮುಚ್ಚಳದ ಸುತ್ತಲಿನ ನಟ್ಟುಗಳನ್ನು ಎದುರುಬದುರಾಗಿ ಬಿಗಿದು ಸ್ವಿಚ್ ಹಾಕುತ್ತಾರೆ. ಗಾಳಿ ಹೊರಹೋಗುವ ವಾಲ್ವನ್ನು ತೆರೆದೇ ಇಡಬೇಕು. ಮೊದಲು ಅದರಿಂದ ಬಿಟ್ಟುಬಿಟ್ಟು ಉಸಿರಿನಂತೆ ಬಿಸಿಗಾಳಿ ಬರುತ್ತದೆ. ಆಮೇಲೆ ಒಂದೇ ಸಮನೆ ಹಬೆ ಚಿಮ್ಮತೊಡಗುತ್ತದೆ. ಹಾಗೆ ಕೆಲವು ನಿಮಿಷ ಚಿಮ್ಮಲು ಬಿಟ್ಟ ನಂತರವೇ ವಾಲ್ವ್ ಮುಚ್ಚುವುದು, 121 ಡಿಗ್ರಿ ಮುಟ್ಟಿದ ಮೇಲೆಯೇ ಗಡಿಯಾರ ನೋಡುವುದು. ಅವಸರದಲ್ಲಿ ವಾಲ್ವನ್ನು ಬೇಗ ಮುಚ್ಚಿದರೆ ಇಡೀ ಕೆಲಸ ವ್ಯರ್ಥ. ಬ್ಯಾಂಡೇಜು, ಗಾಜ್ ತುಂಬುವ ಸ್ಟೀಲ್ ಡ್ರಮ್ಮಿನದೂ ಇಂಥದೇ ಸೂಕ್ಷ್ಮ. ಅದರ ಪಕ್ಕದಲ್ಲಿ ಸಾಲು ರಂಧ್ರಗಳೂ ಅವುಗಳ ಮೇಲೆ ಜಾರುವ ಪಟ್ಟಿಯೂ ಇರುತ್ತವೆ. ಒಳಗಿಡುವಾಗ ಪಟ್ಟಿ ಸರಿಸಿ ರಂಧ್ರ ತೆರೆಯಬೇಕು, ಹೊರತೆಗೆದ ಕೂಡಲೇ ಮುಚ್ಚಬೇಕು. ತೆರೆಯಲು ಮರೆತರೆ ಹಬೆ ಒಳಹೋಗದು, ಮುಚ್ಚಲು ಮರೆತರೆ ವಾರ್ಡಿನ ಧೂಳು ಒಳಬರುತ್ತದೆ. ಎರಡರಲ್ಲಿ ಯಾವ ತಪ್ಪಾದರೂ ಹೊರಗಿನಿಂದ ನೋಡಿದವರಿಗೆ ಡ್ರಮ್ ಸರಿಯಾಗಿಯೇ ಕಾಣುತ್ತದೆ.

ಈ ಬಗೆಯ ಯಂತ್ರದಲ್ಲಿ ಹಗುರವಾದ ಹಬೆ ಮೇಲೆ ತುಂಬಿಕೊಂಡು ಭಾರವಾದ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಬಿಡಿಯಾಗಿಟ್ಟ ಕತ್ತರಿ, ಚಿಮಟಗಳಿಗೆ ಅಷ್ಟು ಸಾಕು. ಬಟ್ಟೆಯ ದಪ್ಪ ಕಟ್ಟಿನ ನಡುವೆ, ಸಣ್ಣ ಕೊಳವೆಯ ಒಳಗೆ ಸಿಕ್ಕಿಕೊಂಡ ಗಾಳಿ ಈ ತಳ್ಳಾಟಕ್ಕೆ ಜಗ್ಗುವುದಿಲ್ಲ. ಅದನ್ನು ಪಂಪಿನಿಂದ ಹೀರಿ ತೆಗೆಯಬೇಕು. ಒಮ್ಮೆ ಹೀರಿದಾಗ ಹತ್ತರಲ್ಲಿ ಒಂದು ಪಾಲು ಗಾಳಿ ಉಳಿಯಿತು ಎಂದಿಟ್ಟುಕೊಳ್ಳೋಣ. ಹಬೆ ತುಂಬಿ ಮತ್ತೆ ಅಷ್ಟೇ ಹೀರಿದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ, ಮೂರನೆಯ ಸಲಕ್ಕೆ ಸಾವಿರದಲ್ಲಿ ಒಂದು ಪಾಲು. ಮೂರು ನಾಲ್ಕು ಸಲ ಹೀಗೆ ಹೀರಿ ತುಂಬುವ ಯಂತ್ರವನ್ನು ಯುರೋಪಿನ ಇಎನ್ 13060 ಮಾನದಂಡ ಬಿ ವರ್ಗಕ್ಕೆ ಸೇರಿಸುತ್ತದೆ. ಗಾಳಿ ಹೀರುವ ಏರ್ಪಾಡಿಲ್ಲದೆ, ಏನನ್ನೂ ಸುತ್ತದ ಘನ ಉಪಕರಣಗಳಿಗೆ ಮಾತ್ರ ಯೋಗ್ಯವಾದದ್ದು ಎನ್ ವರ್ಗ. ಇವೆರಡರ ನಡುವಿನ ಎಸ್ ವರ್ಗದ ಯಂತ್ರ ಯಾವ ಸಾಮಾನಿಗೆ ಆಗುತ್ತದೆ ಎಂಬುದನ್ನು ತಯಾರಕರೇ ಬರೆದು ಕೊಟ್ಟಿರಬೇಕು. ಬರೆದು ಕೊಡದಿದ್ದರೆ ಅದನ್ನು ಎನ್ ಎಂದೇ ಎಣಿಸುವುದು ಕ್ಷೇಮ. ಈ ಮಾನದಂಡ ಸಣ್ಣ ಯಂತ್ರಗಳಿಗೆ. ದೊಡ್ಡವಕ್ಕೆ ಇಎನ್ 285 ಇದೆ. ಆಸ್ಪತ್ರೆಯ ಅಡ್ಡ ಮಾದರಿಯ ಆಟೋಕ್ಲೇವ್‌ಗಳಿಗೆ ನಮ್ಮಲ್ಲೇ ಭಾರತೀಯ ಮಾನಕ ಐಎಸ್ 3829 ಇದೆ.

ಇನ್ನು ಯಾರಿಗೆ ಯಾವುದು ಎಂಬುದು ಅಷ್ಟು ಕಷ್ಟದ ಮಾತಲ್ಲ. ಗಾಯ ಹೊಲಿಯುವುದು, ಸಹಜ ಹೆರಿಗೆ ಮಾಡಿಸುವುದಷ್ಟೇ ನಡೆಯುವ ಗ್ರಾಮೀಣ ಆರೋಗ್ಯ ಕೇಂದ್ರಕ್ಕೆ ಒಳ್ಳೆಯ ಉಷ್ಣತಾಮಾಪಕ ಇರುವ ಸರಳ ಆಟೋಕ್ಲೇವ್ ನಡೆದೀತು, ಅದನ್ನು ನಡೆಸುವ ಸಿಬ್ಬಂದಿಗೆ ಕ್ರಮ ಚೆನ್ನಾಗಿ ತಿಳಿದಿರಬೇಕು. ದಂತ ಚಿಕಿತ್ಸಾಲಯದ ಕಥೆ ಬೇರೆ. ಅಲ್ಲಿ ಯಂತ್ರ ಚಿಕ್ಕದಾದರೂ ಕೆಲಸ ನಾಜೂಕಿನದು. ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನ ಒಳಗೆ ನೀರು, ಗಾಳಿ ಓಡಾಡುವ ಸಪೂರ ಕೊಳವೆಗಳಿವೆ. ರೋಗಿಯ ಬಾಯಿಯ ರಕ್ತ, ಜೊಲ್ಲು ಅವುಗಳೊಳಗೆ ಹಿಮ್ಮುಖವಾಗಿ ಸರಿಯಬಹುದು. ಇದಕ್ಕೆ ಬಿ ವರ್ಗದ 18ರಿಂದ 23 ಲೀಟರಿನ ಯಂತ್ರವೇ ಸರಿ. ಲ್ಯಾಪರೊಸ್ಕೋಪಿ, ಸಿಸೇರಿಯನ್, ಮೂಳೆ ಶಸ್ತ್ರಚಿಕಿತ್ಸೆ ನಡೆಯುವ ಕಡೆಯಂತೂ ಗಾಳಿ ಹೀರುವ ಯಂತ್ರಕ್ಕೆ ಪರ್ಯಾಯವೇ ಇಲ್ಲ. ಜಿಲ್ಲಾ ಮಟ್ಟದ ಆಸ್ಪತ್ರೆಗೆ ಎರಡು ಬಾಗಿಲಿನ ದೊಡ್ಡ ಆಟೋಕ್ಲೇವ್ ಬೇಕು. ತೊಳೆದು ಕಟ್ಟಿದ ಕಟ್ಟುಗಳು ಒಂದು ಕೋಣೆಯ ಬಾಗಿಲಿನಿಂದ ಒಳಹೋಗಿ ಇನ್ನೊಂದು ಕೋಣೆಯ ಬಾಗಿಲಿನಿಂದ ಹೊರಬರುತ್ತವೆ. ಎರಡೂ ಬಾಗಿಲು ಒಟ್ಟಿಗೆ ತೆರೆಯದಂತೆ ಬೀಗದ ಏರ್ಪಾಡಿರುತ್ತದೆ, ಹೀಗಾಗಿ ಆದದ್ದೂ ಆಗದ್ದೂ ಬೆರೆಯುವುದಿಲ್ಲ.

ಪಂಪಿನ ಇನ್ನೊಂದು ಉಪಕಾರ ಕರಾವಳಿಯಲ್ಲಿ ಹೆಚ್ಚು ಕಣ್ಣಿಗೆ ಬೀಳುತ್ತದೆ. ಹಬೆಯ ಕೆಲಸ ಮುಗಿದ ಮೇಲೆ ಅದು ಒಳಗಿನ ತೇವವನ್ನು ಹೀರಿ ಕಟ್ಟುಗಳನ್ನು ಒಣಗಿಸುತ್ತದೆ. ಒದ್ದೆ ಬಟ್ಟೆಯ ಕಟ್ಟು ಹೊರಗೆ ಬಂದ ಗಳಿಗೆಯಿಂದಲೇ ಮೇಜಿನ, ಕೈಯ ಸೂಕ್ಷ್ಮಾಣುಗಳನ್ನು ನೀರಿನ ಜೊತೆಗೇ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಒದ್ದೆಯಾಗಿ ಬಂದ ಕಟ್ಟನ್ನು ಆಟೋಕ್ಲೇವ್ ಆಗಿಲ್ಲವೆಂದೇ ಲೆಕ್ಕಹಾಕಿ ಮತ್ತೆ ಕಟ್ಟಿ ಮತ್ತೆ ಇಡಬೇಕು. ಒಣ ಊರಿನಲ್ಲಿ ಸರಳ ಯಂತ್ರದ ಬಾಗಿಲನ್ನು ತುಸು ತೆರೆದಿಟ್ಟು ಒಣಗಿಸುವುದುಂಟು. ಆಷಾಢದ ಕಾರವಾರದಲ್ಲಿ ಮನೆಯೊಳಗಿನ ಬಟ್ಟೆಯೇ ಒಣಗದಿರುವಾಗ ಈ ಉಪಾಯ ನಡೆಯುವುದಿಲ್ಲ. ಶುದ್ಧ ಕಟ್ಟುಗಳನ್ನಿಡುವ ಕೋಣೆಯ ಆರ್ದ್ರತೆ ಶೇ 70 ಮೀರಬಾರದು ಎನ್ನುವುದು ಸಾಮಾನ್ಯ ನಿಯಮ. ಮಳೆಗಾಲದಲ್ಲಿ ಇಲ್ಲಿ ಹೊರಗಿನ ಗಾಳಿಯೇ ದಿನವಿಡೀ ಅದಕ್ಕಿಂತ ತೇವವಾಗಿರುತ್ತದೆ. ಆಟೋಕ್ಲೇವಿಗೆ ಹಣ ಕೂಡಿಸುವಾಗಲೇ ಕಟ್ಟುಗಳ ಕೋಣೆಗೊಂದು ಎಸಿಗೋ ತೇವ ಹೀರುವ ಯಂತ್ರಕ್ಕೋ ಹಣ ಎತ್ತಿಡುವುದು ಉಚಿತ.

ನೀರಿನ ವಿಷಯದಲ್ಲಿ ಆಗುವಷ್ಟು ಅಸಡ್ಡೆ ಬೇರೆ ಯಾವುದರಲ್ಲೂ ಆಗುವುದಿಲ್ಲ. ಕಾಳಿ, ಗಂಗಾವಳಿ ಅಳಿವೆಗಳ ಆಸುಪಾಸಿನಲ್ಲಿ, ಗಜನಿ ಗದ್ದೆಗಳ ಅಂಚಿನ ಊರುಗಳಲ್ಲಿ ಬೇಸಿಗೆ ಬಂತೆಂದರೆ ಬಾವಿಯ ನೀರು ಉಪ್ಪಾಗುತ್ತದೆ. ನಾಲಗೆಗೆ ಉಪ್ಪೆನಿಸದ ನೀರೂ ಆಟೋಕ್ಲೇವಿಗೆ ಉಪ್ಪೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 250 ಮಿಲಿಗ್ರಾಂವರೆಗಿನ ಕ್ಲೋರೈಡ್ ಒಪ್ಪಿತ, ಬೇರೆ ನೀರು ಸಿಗದ ಕಡೆ 1,000ದವರೆಗೂ ವಿನಾಯಿತಿ ಇದೆ. ಆಟೋಕ್ಲೇವಿಗೆ ಹಾಕುವ ನೀರಿಗೆ ಯುರೋಪಿನ ಮಾನದಂಡ ಸೂಚಿಸುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಹೀಗೆ ಕುಡಿಯಲು ಅಡ್ಡಿಯಿಲ್ಲದ ನೀರಿನಲ್ಲೂ ಯಂತ್ರ ತಾಳುವುದಕ್ಕಿಂತ ನೂರು ಪಟ್ಟು ಮೀರಿದ ಕ್ಲೋರೈಡ್ ಇರಬಹುದು.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೇಲ್ಮೈಯ ಕ್ರೋಮಿಯಂ ಆಕ್ಸೈಡಿನ ತೆಳುಪೊರೆಯಿಂದ. ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಒಳಗೆ ಕುಳಿ ಕೊರೆಯುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕೊರೆತ ಜೋರು. ಕತ್ತರಿಯ ತಿರುಗಣೆಯ ಸುತ್ತ, ಆರ್ಟರಿ ಫೋರ್ಸೆಪ್ಸಿನ ಹಲ್ಲುಗಳ ನಡುವೆ ಮೊದಲು ಕಂದು ಚುಕ್ಕೆ ಕಾಣಿಸುತ್ತದೆ. ಉಜ್ಜಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಕೆಲವು ತಿಂಗಳಲ್ಲಿ ಅಲ್ಲಿ ಸೂಜಿಮೊನೆಯಷ್ಟು ಗುಂಡಿ ಬಿದ್ದಿರುತ್ತದೆ. ಅಂಥ ಗುಂಡಿಯೊಳಗೆ ಕೂತ ರಕ್ತವನ್ನು ಯಾವ ಬ್ರಷ್ಷೂ ತೆಗೆಯಲಾರದು. ಯಂತ್ರದ ಹೊಟ್ಟೆಗೆ ಇದೇ ಗತಿಯಾದರೆ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಅದು ಒತ್ತಡ ತಡೆಯಬೇಕಾದ ಪಾತ್ರೆ, ಅದರ ಬೆಸುಗೆ ಬಿರುಕು ಬಿಡಬಾರದು. 304 ದರ್ಜೆಯ ಸ್ಟೀಲಿಗಿಂತ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಬೆರೆತ 316 ದರ್ಜೆಯದು ಕ್ಲೋರೈಡನ್ನು ಹೆಚ್ಚು ತಾಳುತ್ತದೆ. ಬೆಲೆ ತುಸು ಹೆಚ್ಚಾದರೂ ಕರಾವಳಿಯಲ್ಲಿ ಒಳಪಾತ್ರೆಗೆ 316 ಕೇಳುವುದೇ ಸರಿ. ಹೊರಕವಚಕ್ಕೆ ಬಣ್ಣ ಬಳಿದ ಕಬ್ಬಿಣ ಬೇಡ, ಉಪ್ಪುಗಾಳಿಗೆ ಒಂದೆರಡು ಮಳೆಗಾಲದಲ್ಲಿ ಬಣ್ಣದಡಿಯಿಂದಲೇ ಉಬ್ಬಿಬರುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ತೇವ ತಡೆಯುವ ಲೇಪ ಹಾಕಿದೆಯೇ ಎಂದೂ ವಿಚಾರಿಸಬೇಕು.

ಸ್ಟೀಲ್ ಎಷ್ಟೇ ಉತ್ತಮವಾಗಿರಲಿ, ನೀರು ಡಿಸ್ಟಿಲ್ಡ್ ಅಥವಾ ಲವಣ ಪೂರ್ತಿ ತೆಗೆದದ್ದೇ ಆಗಬೇಕು. ಮನೆಬಳಕೆಯ ಆರ್‌ಒ ಉಪ್ಪನ್ನು ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಹಾಕುವ ಅಭ್ಯಾಸವೂ ಕೆಲವೆಡೆ ಇದೆ. ಅದರಲ್ಲಿ ಧೂಳು, ಪಾಚಿ, ಲೋಹದ ಅಂಶ ಏನು ಬೇಕಾದರೂ ಇರಬಹುದು. ನೀರಿನ ವಿದ್ಯುದ್ವಾಹಕತೆ ಅಳೆದು, ಮಿತಿ ಮೀರಿದರೆ ಚಾಲೂ ಆಗದ ಯಂತ್ರಗಳು ಈಗ ಸಿಗುತ್ತವೆ. ನೀರಿನ ಗುಣ ತಿಂಗಳಿಂದ ತಿಂಗಳಿಗೆ ಬದಲಾಗುವ ಕಡೆ ಅದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸೌಕರ್ಯ. ಉಪಕರಣ ತೊಳೆದ ಮೇಲಿನ ಕೊನೆಯ ಜಾಲಾಡಿಕೆಗೂ ಇದೇ ಶುದ್ಧ ನೀರು ಬಳಸಬೇಕು. ಬ್ಲೀಚಿಂಗ್ ದ್ರಾವಣದಲ್ಲಿ ಉಪಕರಣ ನೆನೆಹಾಕುವುದನ್ನು ಬಿಡಬೇಕು, ಏಕೆಂದರೆ ಅದರಲ್ಲಿರುವುದೂ ಕ್ಲೋರಿನ್ನೇ.

ಕರೆಂಟಿನ ಲೆಕ್ಕ ಹೆಚ್ಚು ಸರಳ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಇಲ್ಲಿ ಹೊಸದಲ್ಲ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 180 ಬಂದರೆ ಉಳಿಯುವುದು ಸುಮಾರು ಶೇ 60ರಷ್ಟು ಮಾತ್ರ. ಹಬೆ ಏರಲು ಹೆಚ್ಚು ಹೊತ್ತು ಬೇಕಾಗುತ್ತದೆ, ಪಂಪು ಬಿಸಿಯಾಗಿ ಸುಡುತ್ತದೆ. ಹಾಗಾಗಿ ಹೊರೆಗೆ ತಕ್ಕ ಸ್ಟೆಬಿಲೈಸರ್, ಗಟ್ಟಿ ಅರ್ಥಿಂಗ್ ಇರಲೇಬೇಕು. ಸಣ್ಣ ಯಂತ್ರವೂ ಸುಮಾರು 2 ಕಿಲೋವಾಟ್ ಎಳೆಯುವುದರಿಂದ ಮನೆಯ ಇನ್‌ವರ್ಟರ್ ಸಾಲದು, ಜನರೇಟರ್ ಬೇಕು. ನಡುವೆ ಕರೆಂಟು ಹೋದರೆ ಆ ಸುತ್ತು ವಿಫಲ ಎಂದು ಯಂತ್ರ ತಾನೇ ತೋರಿಸಬೇಕು, ಕೆಲಸ ಮೊದಲಿನಿಂದ ಆರಂಭವಾಗಬೇಕು. ಉಳಿದ ನಿಮಿಷಗಳನ್ನಷ್ಟೇ ಪೂರೈಸಿ ಮುಗಿಯಿತೆನ್ನುವ ಯಂತ್ರವನ್ನು ನಂಬಲಾಗದು. ಘಟ್ಟದ ಬುಡದ ಹಳ್ಳಿಗಳ ಕೇಂದ್ರಗಳಲ್ಲಿ ಗ್ಯಾಸ್ ಒಲೆಯ ಮೇಲೆ ಇಡಬಲ್ಲ ಸಣ್ಣ ಆಟೋಕ್ಲೇವ್ ಒಂದನ್ನು ಹೆಚ್ಚುವರಿಯಾಗಿ ಇಟ್ಟುಕೊಂಡರೆ ಹೆರಿಗೆ ಕೋಣೆಯ ಕೆಲಸ ನಿಲ್ಲುವುದಿಲ್ಲ.

ಮಾರಿದ ಕಂಪನಿಯ ಟೆಕ್ನಿಷಿಯನ್ ಎಲ್ಲಿದ್ದಾನೆ ಎಂಬುದು ಯಂತ್ರದ ಗುಣದಷ್ಟೇ ಮುಖ್ಯ. ಕಾರವಾರಕ್ಕೆ ಅವನು ಬರಬೇಕಾದದ್ದು ಹುಬ್ಬಳ್ಳಿಯಿಂದ, ಮಂಗಳೂರಿನಿಂದ, ಇಲ್ಲವೇ ಗೋವಾದಿಂದ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಒಂದು ರಬ್ಬರ್ ಗ್ಯಾಸ್ಕೆಟ್ ಇಲ್ಲದೆ ಶಸ್ತ್ರಚಿಕಿತ್ಸೆ ನಿಲ್ಲುವಂತಾಗಬಾರದು. ಬಾಗಿಲಿನ ಗ್ಯಾಸ್ಕೆಟ್, ಹೀಟರ್, ಸೇಫ್ಟಿ ವಾಲ್ವ್, ಫಿಲ್ಟರ್‌ಗಳನ್ನು ಯಂತ್ರದ ಜೊತೆಗೇ ತರಿಸಿಡಬೇಕು. ಇದೇ ಕಾರಣಕ್ಕೆ ನರ್ಸಿಂಗ್ ಹೋಮಿಗೆ ಒಂದು ದೊಡ್ಡ ಯಂತ್ರಕ್ಕಿಂತ ಎರಡು ಮಧ್ಯಮ ಯಂತ್ರಗಳೇ ಮೇಲು, ಒಂದು ಕೆಟ್ಟರೂ ಇನ್ನೊಂದು ನಡೆಯುತ್ತಿರುತ್ತದೆ. ಗಂಭೀರ ರೋಗಿಗಳು ಗೋವಾಕ್ಕೋ ಮಣಿಪಾಲಕ್ಕೋ ಹೋಗಬೇಕಾದ ಸ್ಥಿತಿಗೆ ಬೇಸತ್ತು ಸುಸಜ್ಜಿತ ಆಸ್ಪತ್ರೆಗಾಗಿ 2022ರಲ್ಲಿ ಜಿಲ್ಲೆಯ ಜನ ದೊಡ್ಡ ದನಿಯಲ್ಲಿ ಒತ್ತಾಯಿಸಿದ್ದರು. ಇಂಥ ಕಡೆ ಇರುವ ಆಪರೇಷನ್ ಥಿಯೇಟರುಗಳು ಒಂದು ದಿನವೂ ಸುಮ್ಮನೆ ಮುಚ್ಚಿರಬಾರದು.

ಲೀಟರಿನ ಮಾತು ಈಗ. ಜಾಹೀರಾತಿನಲ್ಲಿ ಬರುವ 3 ನಿಮಿಷ, 4 ನಿಮಿಷ ಎಂಬುದು 134 ಡಿಗ್ರಿಯಲ್ಲಿ ಹಿಡಿದಿಡುವ ಅವಧಿ ಮಾತ್ರ. ಗಾಳಿ ಹೀರಿ, ಬಿಸಿಯೇರಿ, ಒಣಗಿ ಹೊರಬರಲು ಬಿ ವರ್ಗದ ಯಂತ್ರಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅತಿ ಹೆಚ್ಚು ಕೆಲಸದ ದಿನ ಎಷ್ಟು ಸೆಟ್ ಬೇಕು, ಆ ದಿನ ಎಷ್ಟು ಸುತ್ತು ಸಾಧ್ಯ ಎಂದು ಭಾಗಿಸಿದರೆ ಒಂದು ಸುತ್ತಿನ ಹೊರೆ ಸಿಗುತ್ತದೆ. ಪಾತ್ರೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು. ಹಬೆಗೆ ಓಡಾಡಲು ಜಾಗ ಬೇಕು, ಕಟ್ಟುಗಳು ಗೋಡೆಗೆ ತಾಗಬಾರದು. ದೊಡ್ಡ ಆಟೋಕ್ಲೇವ್‌ಗಳನ್ನು 30, 30, 60 ಸೆಂಟಿಮೀಟರ್ ಅಳತೆಯ, ಅಂದರೆ 54 ಲೀಟರಿನ ಘಟಕಗಳಲ್ಲಿ ಲೆಕ್ಕ ಹಾಕುತ್ತಾರೆ. ಅತಿ ಉದ್ದದ ಟ್ರೇ ಬಾಗಿಲಲ್ಲಿ ಹಿಡಿಯುತ್ತದೆಯೇ ಎಂದು ಅಳೆದು ನೋಡುವುದನ್ನು ಮರೆಯುವವರೂ ಇದ್ದಾರೆ.

ಯಂತ್ರ ಬಂದು ಕೂತ ಮೇಲೆ, ಹಣ ಚುಕ್ತಾ ಆಗುವ ಮೊದಲು ಪರೀಕ್ಷೆಗಳಾಗಬೇಕು. ಖಾಲಿ ಯಂತ್ರದಲ್ಲಿ ನಿರ್ವಾತ ಮಾಡಿ ಬಿಟ್ಟಾಗ ನಿಮಿಷಕ್ಕೆ 1.3 ಮಿಲಿಬಾರ್‌ಗಿಂತ ಹೆಚ್ಚು ಒತ್ತಡ ಏರಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಬೌವಿ ಮತ್ತು ಡಿಕ್ ಎಂಬ ಇಬ್ಬರು 1963ರಲ್ಲಿ ಬಟ್ಟೆಯ ಕಟ್ಟಿನ ನಡುವೆ ಸೂಚಕ ಪಟ್ಟಿ ಇಟ್ಟು ರೂಪಿಸಿದ ಪರೀಕ್ಷೆ ಇಂದಿಗೂ ಗಾಳಿ ಹೀರುವ ಯಂತ್ರಗಳ ದಿನದ ಮೊದಲ ಕೆಲಸ. ಸೂಚಕದ ನಡುಭಾಗ ಅಂಚಿನಷ್ಟೇ ಬಣ್ಣ ಬದಲಿಸಿರಬೇಕು, ನಡುವೆ ಮಸುಕು ಉಳಿದರೆ ಅಲ್ಲಿ ಗಾಳಿ ಉಳಿದಿತ್ತು. ಕೊಳವೆಯಾಕಾರದ ಉಪಕರಣಗಳಿಗೆ ಒಂದೂವರೆ ಮೀಟರ್ ಉದ್ದದ, 2 ಮಿಲಿಮೀಟರ್ ಒಳವ್ಯಾಸದ ಸುರುಳಿ ನಳಿಕೆಯ ತುದಿಯಲ್ಲಿ ಸೂಚಕ ಇಟ್ಟು ನೋಡುತ್ತಾರೆ. ಕಟ್ಟಿನ ಮೇಲೆ ಅಂಟಿಸುವ ಟೇಪಿನ ಕಪ್ಪು ಗೆರೆ ಅದು ಬಿಸಿಗೆ ಹೋಗಿ ಬಂದಿದೆ ಎಂದಷ್ಟೇ ಹೇಳುತ್ತದೆ, ಒಳಗಿನದು ಶುದ್ಧವಾಗಿದೆ ಎಂದಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಹಬೆಗೆ ಸುಲಭವಾಗಿ ಜಗ್ಗದ ಬ್ಯಾಕ್ಟೀರಿಯಾದ ಬೀಜಾಣುಗಳಿರುವ ಸಣ್ಣ ಶೀಷೆಯನ್ನು ವಾರಕ್ಕೊಮ್ಮೆಯಾದರೂ ಕಟ್ಟುಗಳ ನಡುವೆ ಇಟ್ಟು, ಆಮೇಲೆ ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಸಿ ನೋಡಬೇಕು. ಏನೂ ಬೆಳೆಯದಿದ್ದರೆ ಪಾಸು. ಪ್ರತಿ ಸುತ್ತಿನ ಉಷ್ಣತೆ, ಒತ್ತಡ, ಅವಧಿಯನ್ನು ತಾನೇ ಮುದ್ರಿಸುವ ಯಂತ್ರವಾದರೆ ಸಿಬ್ಬಂದಿ ನೆನಪಿನಿಂದ ರಿಜಿಸ್ಟರ್ ತುಂಬಬೇಕಿಲ್ಲ.

ಹಬೆ ಸಲ್ಲದ ವಸ್ತುಗಳೂ ಇವೆ. ಬಾಗುವ ಎಂಡೊಸ್ಕೋಪ್, ಬಿಸಿಗೆ ಕರಗುವ ಪ್ಲಾಸ್ಟಿಕ್ ಸಾಮಾನುಗಳಿಗೆ ಎಥಿಲೀನ್ ಆಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್ ಪ್ಲಾಸ್ಮಾದಂಥ ಬೇರೆ ವಿಧಾನಗಳು ಬೇಕು. ಎಣ್ಣೆ, ಪುಡಿಗಳೊಳಗೆ ಹಬೆ ಇಳಿಯುವುದಿಲ್ಲ, ಅವಕ್ಕೆ ಒಣ ಬಿಸಿ. ಪ್ರಯೋಗಾಲಯದ ಸೋಂಕು ತ್ಯಾಜ್ಯವನ್ನು ಉಪಕರಣದ ಆಟೋಕ್ಲೇವಿನಲ್ಲಿ ಹಾಕುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅದಕ್ಕೆ ಪ್ರತ್ಯೇಕ ಯಂತ್ರವೇ ಇರಬೇಕು, ಗಾಳಿ ಹೀರದ ಮಾದರಿಯಾದರೆ 121 ಡಿಗ್ರಿಯಲ್ಲಿ 60 ನಿಮಿಷ ಇಡಬೇಕು. ಜಾಗ ಇಲ್ಲವೆಂದು ಒಂದನ್ನೇ ಎರಡಕ್ಕೂ ಬಳಸುವ ಯೋಚನೆಯಿದ್ದರೆ ಕೊಳ್ಳುವ ಹಂತದಲ್ಲೇ ಅದನ್ನು ಬಿಟ್ಟು, ಎರಡು ಯಂತ್ರಗಳಿಗೆ ಎರಡು ಬೇರೆ ಕೋಣೆಗಳನ್ನು ಗುರುತಿಸಬೇಕು.